381 ದಿನ ಜನ ಕೆಲಸಕ್ಕೆ ಹೋದದ್ದು ಹೇಗೆ?

ಗೆಳೆಯಾ,

ಮೆರವಣಿಗೆಗೆ ಎಷ್ಟು ಜನ ಸೇರಿಸಬೇಕು ಅಂತ ಕೇಳಿದ್ದೀಯ. ಅದಕ್ಕೂ ಮೊದಲು, ಮಾರನೇ ದಿನ ಬೆಳಿಗ್ಗೆ ಆ ಜನ ಕೆಲಸಕ್ಕೆ ಹೇಗೆ ಹೋಗ್ತಾರೆ ಅಂತ ಯೋಚಿಸು. ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್‌ಗೊಮರಿಯಲ್ಲಿ, ಬಸ್ಸಿನಲ್ಲಿ ಬಿಳಿಯರಿಗೂ ಕಪ್ಪು ಜನರಿಗೂ ಬೇರೆ ಬೇರೆ ಸೀಟು ಇಡುವುದರ ವಿರುದ್ಧ ಕಪ್ಪು ಜನ 381 ದಿನ ನಡೆಸಿದ ಬಸ್ ಬಹಿಷ್ಕಾರ ಗೆದ್ದದ್ದು ಅದನ್ನು ಯೋಚಿಸಿದ್ದಕ್ಕೆ.

1955ರ ಡಿಸೆಂಬರ್ 1, ಗುರುವಾರ, ಬಿಳಿಯನಿಗೆ ಬಸ್ಸಿನ ಸೀಟು ಬಿಟ್ಟುಕೊಡದ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಬಂಧನ. ಅಂದು ರಾತ್ರಿಯೇ ಅಧ್ಯಾಪಕಿ ಜೋ ಆನ್ ರಾಬಿನ್ಸನ್ ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಸೋಮವಾರ ಬಸ್ ಹತ್ತಬೇಡಿ ಅಂತ ಸಾವಿರಾರು ಕರಪತ್ರ ತೆಗೆದರು. ಒಂದು ಹಾಳೆಗೆ ಮೂರು ಪ್ರತಿ, ಆಮೇಲೆ ಕತ್ತರಿಸುವುದು. ಶುಕ್ರವಾರ ಹಂಚಿದರು, ಸೋಮವಾರ ಬಸ್ಸುಗಳು ಖಾಲಿ ಓಡಿದವು.

ಕಷ್ಟ ಶುರುವಾದದ್ದು ಆಮೇಲೆ. ಟ್ಯಾಕ್ಸಿಯವರು ಬಸ್ ಚಾರ್ಜಿಗೇ, 10 ಸೆಂಟಿಗೆ, ಜನರನ್ನು ಒಯ್ಯುತ್ತಿದ್ದರು; 45 ಸೆಂಟಿಗಿಂತ ಕಡಿಮೆ ತೆಗೆದುಕೊಂಡರೆ ಕೇಸು ಅಂತ ನಗರಾಡಳಿತ ಹೆದರಿಸಿತು. ಆಗ ಸುಮಾರು 300 ಸ್ವಂತ ಕಾರುಗಳು ರಸ್ತೆಗಿಳಿದವು. ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು, ಎಲ್ಲ ಗೊತ್ತು ಮಾಡಿದ್ದರು. 1953ರಲ್ಲಿ ಲೂಸಿಯಾನಾ ರಾಜ್ಯದ ಬ್ಯಾಟನ್ ರೂಜ್ ಊರಿನವರು ಮಾಡಿ ನೋಡಿದ್ದ ಕ್ರಮ ಅದು. ಪೊಲೀಸರು ಚಾಲಕರಿಗೆ ಮಾತುಮಾತಿಗೆ ದಂಡ ಹಾಕಿದರು. ವಿಮಾ ಕಂಪನಿಗಳು ಪಾಲಿಸಿ ರದ್ದು ಮಾಡಿದಾಗ ಲಂಡನ್ನಿನ ಲಾಯ್ಡ್ಸ್‌ನಿಂದ ವಿಮೆ ತಂದರು. ಪೆಟ್ರೋಲಿಗೆ ದುಡ್ಡು ಚರ್ಚಿನ ಸಭೆಗಳಲ್ಲಿ ಎತ್ತಿದ ಚಂದಾದಿಂದ. ಇಂಥ ಕೆಲಸ ಮಾಡಿದವರ ಫೋಟೊ ಯಾರೂ ತೆಗೆಯಲ್ಲ, ಆದರೆ ಚಳವಳಿ ನಿಂತಿದ್ದು ಅವರ ಮೇಲೇ.

ಇನ್ನೊಂದು ಗಮನಿಸು. ಪಾರ್ಕ್ಸ್ ಅವರ ಮೊಕದ್ದಮೆ ರಾಜ್ಯದ ಕೋರ್ಟುಗಳಲ್ಲೇ ಸಿಕ್ಕಿಕೊಳ್ಳಬಹುದಿತ್ತು. ಹಾಗಾಗಿ 1956ರ ಫೆಬ್ರವರಿಯಲ್ಲಿ ಬೇರೆ ಮಹಿಳೆಯರ ಹೆಸರಲ್ಲಿ ಫೆಡರಲ್ (ಕೇಂದ್ರದ) ಕೋರ್ಟಿಗೇ ಹೋದರು. ನವೆಂಬರ್ 13ರಂದು ಸ್ಥಳೀಯ ಕೋರ್ಟು ಕಾರು ವ್ಯವಸ್ಥೆಗೆ ತಡೆ ಕೊಟ್ಟಿತು; ಬಸ್ಸಿನ ಪ್ರತ್ಯೇಕತೆ ಸಂವಿಧಾನಬಾಹಿರ ಎಂಬ ಫೆಡರಲ್ ಕೋರ್ಟಿನ ತೀರ್ಪನ್ನು ಸುಪ್ರೀಂ ಕೋರ್ಟು ಎತ್ತಿಹಿಡಿದದ್ದೂ ಅದೇ ದಿನ. ಆದೇಶ ಊರು ಮುಟ್ಟಿದ್ದು ಡಿಸೆಂಬರ್ 20ಕ್ಕೆ. ಅಲ್ಲಿಯವರೆಗೆ, ಕಾರಿಲ್ಲದೆಯೂ, ಜನ ನಡೆದೇ ಹೋದರು.

ಬಸ್ಸಿನ ಸೀಟು ಸಿಕ್ಕಿತು, ಮತ ಹಾಕುವ ಅವಕಾಶ ಸಿಗಲಿಲ್ಲ. ಅದೇ ರಾಜ್ಯದ ಸೆಲ್ಮಾ ಊರಿನಲ್ಲಿ ಮತದಾರರ ನೋಂದಣಿ ಕಚೇರಿ ತೆರೆಯುತ್ತಿದ್ದದ್ದು ತಿಂಗಳಿಗೆ ಎರಡೇ ದಿನ, ಮೇಲೆ ಸಾಕ್ಷರತೆ ಪರೀಕ್ಷೆ ಬೇರೆ. 1965ರಲ್ಲಿ ಸೆಲ್ಮಾದಿಂದ ಮಾಂಟ್‌ಗೊಮರಿಗೆ ನಡೆದ ಪ್ರತಿಭಟನಾ ನಡಿಗೆಯ ನಂತರ ಬಂದ ಮತದಾನ ಹಕ್ಕು ಕಾಯ್ದೆ ಆ ಪರೀಕ್ಷೆಯನ್ನು ನಿಲ್ಲಿಸಿತು, ಹೆಸರು ಬರೆದುಕೊಳ್ಳಲು ಫೆಡರಲ್ ಅಧಿಕಾರಿಗಳನ್ನೇ ಕಳಿಸಿತು. ಪಕ್ಕದ ಮಿಸಿಸಿಪ್ಪಿ ರಾಜ್ಯದಲ್ಲಿ ಮತದಾನದ ವಯಸ್ಸಿನ ಕಪ್ಪು ಜನರಲ್ಲಿ ಹೆಸರು ನೋಂದಾಯಿಸಿದ್ದವರು 1964ರಲ್ಲಿ ಶೇ. 6.7, 1967ಕ್ಕೆ ಶೇ. 59.8.

ನಿನ್ನ ಬೇಡಿಕೆ ಪತ್ರದಲ್ಲಿ ‘ಸಮಾನತೆ ಬೇಕು’ ಅಂತಷ್ಟೇ ಇದೆ. ಯಾವ ಕಚೇರಿ, ವಾರಕ್ಕೆ ಎಷ್ಟು ದಿನ ತೆರೆದಿರಬೇಕು, ಯಾರು ಸಹಿ ಹಾಕಬೇಕು, ಇವಿಷ್ಟನ್ನೂ ಸೇರಿಸಿ ಮತ್ತೆ ಕಳಿಸು.

ನಿನ್ನ ಗೆಳೆಯ