ನಲ್ಲಿಯ ಮುಂದಿನ ಹವಾಯಿ ಚಪ್ಪಲಿ: ಶಾಲಾ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,

ನಮಸ್ಕಾರ. ನಾನು ಬೆಂಗಳೂರಿನ ಲಗ್ಗೆರೆಯಲ್ಲಿರುವ ಒಬ್ಬ ವೈರ್‌ಮನ್. ಇಪ್ಪತ್ತನಾಲ್ಕು ವರ್ಷದಿಂದ ಮನೆ, ಅಂಗಡಿ, ಗಾರ್ಮೆಂಟ್ಸ್, ಶಾಲೆ ಎಲ್ಲ ಕಡೆ ವೈರಿಂಗ್ ಕೆಲಸ ಮಾಡಿಕೊಂಡು ಬಂದಿದ್ದೇನೆ. ಮಗಳು ಸರ್ಕಾರಿ ಶಾಲೆಯಲ್ಲಿ ಆರನೇ ತರಗತಿ. ಕಳೆದ ಮಳೆಗಾಲದಲ್ಲಿ ಒಂದು ಶಾಲೆಯಲ್ಲಿ ಕಂಡದ್ದು ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ. ಅದನ್ನು ತಮ್ಮ ಮುಂದೆ ಇಡುತ್ತೇನೆ. ಶಾಲೆಯ ಹೆಸರು ಬೇಡ. ಆ ಎಚ್‌ಎಂ ಮೇಡಂ ಮಕ್ಕಳ ಮೇಲೆ ಪ್ರೀತಿ ಇಟ್ಟುಕೊಂಡವರು, ಅವರಿಗೆ ತೊಂದರೆಯಾಗುವುದು ನನಗೆ ಇಷ್ಟವಿಲ್ಲ.

ಮೋಟರು ನೀರೆತ್ತುತ್ತಿಲ್ಲ ಎಂದು ಫೋನ್ ಬಂದಿತ್ತು. ಸಂಪಿನ ಪಕ್ಕ ಕೂತು ಸ್ಟಾರ್ಟರ್ ಬಿಚ್ಚುತ್ತಿದ್ದಾಗ ಇಂಟರ್‌ವಲ್ ಬೆಲ್ ಹೊಡೆಯಿತು. ವರಾಂಡದ ಮೂಲೆಯಲ್ಲಿ ಯಾರೋ ದಾನಿಗಳು ಕೊಡಿಸಿದ ಸ್ಟೀಲಿನ ವಾಟರ್ ಕೂಲರ್. ಅದರ ಮುಂದೆ, ಒದ್ದೆ ನೆಲದ ಮೇಲೆ, ನೀಲಿ ಪಟ್ಟಿಯ ಒಂದು ಜೊತೆ ಹವಾಯಿ ಚಪ್ಪಲಿ. ಮಕ್ಕಳು ಸಾಲಾಗಿ ಬಂದರು. ಒಬ್ಬೊಬ್ಬರೇ ಆ ಚಪ್ಪಲಿಗೆ ಕಾಲು ತೂರಿಸುವುದು, ಬಾಟಲಿಗೆ ನೀರು ಹಿಡಿಯುವುದು, ಚಪ್ಪಲಿ ಬಿಟ್ಟು ಹಿಂದಿನವರಿಗೆ ಜಾಗ ಕೊಡುವುದು. ದೊಡ್ಡವರ ಅಳತೆಯ ಚಪ್ಪಲಿ ಅದು. ಒಂದನೇ ತರಗತಿಯ ಒಂದು ಮಗುವಿನ ಪಾದ ಅದರ ಅರ್ಧಕ್ಕೂ ಬರುತ್ತಿರಲಿಲ್ಲ.

ಇದೇನಮ್ಮ ಎಂದು ಏಳನೇ ತರಗತಿಯ ಹುಡುಗಿಯೊಬ್ಬಳನ್ನು ಕೇಳಿದೆ.

"ಬರಿಗಾಲಲ್ಲಿ ಮುಟ್ಟಿದ್ರೆ ಜುಮ್ ಅನ್ನುತ್ತೆ ಅಂಕಲ್. ಚಪ್ಪಲಿ ಹಾಕ್ಕೊಂಡ್ರೆ ಏನೂ ಆಗಲ್ಲ."

ನಲ್ಲಿಗೆ ಟೆಸ್ಟರ್ ಇಟ್ಟೆ, ದೀಪ ಹತ್ತಿತು. ಮಕ್ಕಳನ್ನೆಲ್ಲ ದೂರ ಕಳಿಸಿ ಮೇನ್ ಆಫ್ ಮಾಡಿ ಕೂಲರಿನ ಹಿಂದೆ ನೋಡಿದರೆ ಪ್ಲಗ್ಗೇ ಇರಲಿಲ್ಲ. ಕೆಂಪು, ಕಪ್ಪು ವೈರುಗಳ ತುದಿ ಸುಲಿದು ಸಾಕೆಟ್ಟಿನ ತೂತಿಗೆ ತುರುಕಿ, ಬೀಳದಿರಲಿ ಎಂದು ಬೆಂಕಿಕಡ್ಡಿ ಸಿಕ್ಕಿಸಿದ್ದರು. ಹಸಿರು ವೈರನ್ನು ಕತ್ತರಿಸಿ ಟೇಪ್ ಸುತ್ತಿ ಬಿಟ್ಟಿದ್ದರು. ಹಸಿರು ಎಂದರೆ ಅರ್ಥ್ ವೈರು. ಯಂತ್ರದ ಮೈಗೆ ಕರೆಂಟು ಸೋರಿದರೆ ಅದನ್ನು ನೆಲಕ್ಕೆ ಒಯ್ಯುವ ದಾರಿ ಅದೊಂದೇ. ಆ ದಾರಿ ಕತ್ತರಿಸಿದ ಮೇಲೆ ಕರೆಂಟಿಗೆ ಉಳಿಯುವ ದಾರಿ ನಲ್ಲಿ ಹಿಡಿದ ಮಗುವಿನ ಮೈ. ಆ ರಬ್ಬರ್ ಚಪ್ಪಲಿ ಅಷ್ಟು ದಿನ ಎಷ್ಟು ಜೀವ ಕಾಯಿತೋ ದೇವರಿಗೇ ಗೊತ್ತು. ಅದನ್ನು ಅಲ್ಲಿ ತಂದಿಟ್ಟದ್ದು ಮೇಷ್ಟ್ರಲ್ಲ, ಅಧಿಕಾರಿಗಳಲ್ಲ. ಮಕ್ಕಳೇ ತಂದಿಟ್ಟಿದ್ದರು.

ಸಚಿವರೇ, ಅದೇ ಶಾಲೆಯ ಆಫೀಸಿನಲ್ಲಿ ಕಟ್ಟಡ ಸುರಕ್ಷಿತವಾಗಿದೆ ಎನ್ನುವ ಪ್ರಮಾಣಪತ್ರ ಫೈಲಿನಲ್ಲಿತ್ತು. ಬೆಂಕಿ ನಂದಿಸುವ ಕೆಂಪು ಸಿಲಿಂಡರ್ ಗೋಡೆಯ ಮೇಲಿತ್ತು. ಯಾರೂ ಸುಳ್ಳು ಬರೆದಿರಲಿಲ್ಲ. ಬಂದವರು ಕಟ್ಟಡ ನೋಡಿ ಹೋಗಿದ್ದರು, ಕೂಲರು ಆಮೇಲೆ ಬಂದಿತ್ತು.

ನಮ್ಮಲ್ಲಿ ನಿಯಮಗಳಿಗೆ ಬರವಿಲ್ಲ, ಮತ್ತು ಒಂದೊಂದು ನಿಯಮದ ಹಿಂದೆಯೂ ಮಕ್ಕಳ ಸಾವಿದೆ. 2004ರ ಜುಲೈ 16ರಂದು ಕುಂಭಕೋಣದ ಶಾಲೆಯಲ್ಲಿ ಅಡುಗೆಮನೆಯ ಬೆಂಕಿ ಗರಿಯ ಮಾಡಿಗೆ ಹತ್ತಿ 94 ಮಕ್ಕಳು ಸುಟ್ಟುಹೋದರು. ಆ ದುರಂತದ ನಂತರ ನಡೆದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2009ರ ಏಪ್ರಿಲ್‌ನಲ್ಲಿ, ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತ ಶಾಲೆಯ ಹಕ್ಕೂ ಸೇರಿದೆ ಎಂದಿತು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಶಾಲಾ ಸುರಕ್ಷತೆಯ ಮಾರ್ಗಸೂಚಿ 2016ರಲ್ಲಿ ಬಂತು, ಯಾರು ಹೊಣೆ ಎಂದು ಹೇಳುವ ಕೇಂದ್ರದ ಮಾರ್ಗಸೂಚಿ 2021ರಲ್ಲಿ ಬಂತು. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ನೋಡಿ. ಎಲ್ಲ ಹವಾಮಾನಕ್ಕೂ ತಡೆಯುವ ಕಟ್ಟಡ, ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಅಡುಗೆಮನೆ, ಆಟದ ಬಯಲು, ಕಾಂಪೌಂಡು ಎಲ್ಲ ಇದೆ. ಕರೆಂಟಿನ ಬಗ್ಗೆ ಒಂದು ಸಾಲೂ ಇಲ್ಲ. ಈಗ ಸ್ಮಾರ್ಟ್ ಕ್ಲಾಸು, ಕಂಪ್ಯೂಟರು, ಕೂಲರು, ಸಿಸಿಟಿವಿ ಎಲ್ಲವೂ ಹಳೆಯ ಎರಡು ಬಲ್ಬಿನ ವೈರಿಂಗ್ ಮೇಲೆ ಕೂತಿವೆ.

ಕಳೆದ ವರ್ಷಗಳ ಎರಡು ದುರಂತ ತಮಗೂ ನೆನಪಿರಬೇಕು. 2025ರ ಜುಲೈ 17ರಂದು ಕೇರಳದ ಕೊಲ್ಲಂ ಜಿಲ್ಲೆಯ ತೇವಲಕ್ಕರದಲ್ಲಿ ಎಂಟನೇ ತರಗತಿಯ ಹುಡುಗನೊಬ್ಬ ಸೈಕಲ್ ಶೆಡ್ಡಿನ ಮೇಲೆ ಬಿದ್ದಿದ್ದ ಚಪ್ಪಲಿ ತೆಗೆಯಲು ಹತ್ತಿ, ಅಲ್ಲೇ ತಗ್ಗಿನಲ್ಲಿ ಹಾದುಹೋಗಿದ್ದ ಕರೆಂಟಿನ ತಂತಿ ತಗುಲಿ ತೀರಿಕೊಂಡ. ಎಂಟು ದಿನ ಕಳೆದು, ಜುಲೈ 25ರಂದು, ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪ್ಲೋಡಿ ಸರ್ಕಾರಿ ಶಾಲೆಯ ಮಾಡು ಕುಸಿದು ಏಳು ಮಕ್ಕಳು ಹೋದರು. ಮೇಲಿಂದ ಕಲ್ಲು ಉದುರುತ್ತಿದೆ ಎಂದು ಮಕ್ಕಳು ಮೊದಲೇ ಹೇಳಿದ್ದರಂತೆ, ಪತ್ರಿಕೆಗಳಲ್ಲಿ ಹಾಗೇ ಬಂದಿತ್ತು. ಅದನ್ನು ಓದಿದಾಗ ನನಗೆ ನೆನಪಾದದ್ದು ಆ ಹವಾಯಿ ಚಪ್ಪಲಿ. ಶಾಲೆಯಲ್ಲಿ ಎಲ್ಲಿ ಅಪಾಯವಿದೆ ಎಂದು ಮಕ್ಕಳಿಗೆ ಗೊತ್ತಿರುತ್ತದೆ. ಅವರನ್ನು ಕೇಳುವವರು ಯಾರೂ ಇಲ್ಲ.

ತಮ್ಮ ಇಲಾಖೆಯಲ್ಲೇ ಒಂದು ಒಳ್ಳೆಯ ಪದ್ಧತಿ ಇದೆ. ಬಿಸಿಯೂಟವನ್ನು ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕು. 2013ರ ಜುಲೈ 16ರಂದು ಬಿಹಾರದ ಛಪ್ರಾ ಹತ್ತಿರದ ಶಾಲೆಯಲ್ಲಿ ಕೀಟನಾಶಕ ಬೆರೆತ ಊಟ ತಿಂದು 23 ಮಕ್ಕಳು ಸತ್ತರಲ್ಲ, ಅಂಥದ್ದನ್ನು ತಡೆಯಲು ಇರುವ ಪದ್ಧತಿ ಇದು. ಈ ನಿಯಮ ನನಗೆ ತುಂಬ ಇಷ್ಟ. ಇಲ್ಲಿ ಬರೀ ಫೈಲು, ಸೀಲು ನಂಬಿ ಕೂರುವುದಿಲ್ಲ. ಒಬ್ಬ ದೊಡ್ಡವರು ಪ್ರತಿದಿನ ತಮ್ಮ ನಾಲಿಗೆಯ ಮೇಲಿಟ್ಟು ನೋಡುತ್ತಾರೆ. ಕರೆಂಟಿಗೂ ಇಂಥದ್ದೊಂದು ಪದ್ಧತಿ ಮಾಡಿ ಎಂದೇ ಈ ಪತ್ರ ಬರೆಯುತ್ತಿರುವುದು.

ಅದಕ್ಕೆ ಬೇಕಾದ ವಸ್ತು ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಕರೆಂಟು ಸೋರಿದರೆ ತಾನಾಗಿ ಲೈನು ಕಡಿಯುವ ಸ್ವಿಚ್ಚು ಅದು. ಆರ್‌ಸಿಸಿಬಿ ಎನ್ನುತ್ತಾರೆ, ಹಳಬರು ಈಗಲೂ ಇಎಲ್‌ಸಿಬಿ ಎಂದೇ ಕೇಳುತ್ತಾರೆ. ಶಾಲೆಗಳಲ್ಲಿ ಎಂಸಿಬಿ, ಅಂದರೆ ಲೋಡು ಮಿತಿ ಮೀರಿದರೆ ಆಫ್ ಆಗುವ ಸ್ವಿಚ್ಚು, ಇದ್ದರೆ ಸಾಕು ಎಂದುಕೊಂಡಿದ್ದಾರೆ. ಎಂಸಿಬಿ ಕಾಯುವುದು ವೈರನ್ನು, ಮನುಷ್ಯನನ್ನಲ್ಲ. 16 ಆಂಪಿಯರ್‌ನ ಎಂಸಿಬಿಗೆ ಮಗುವಿನ ಮೈಯಲ್ಲಿ ಹರಿಯುವ ಕರೆಂಟು ಲೆಕ್ಕಕ್ಕೇ ಬರುವುದಿಲ್ಲ, ಆದರೆ 9 ವ್ಯಾಟಿನ ಒಂದು ಎಲ್‌ಇಡಿ ಬಲ್ಬು ಎಳೆಯುವಷ್ಟು ಕರೆಂಟು ಎದೆಯ ಮೂಲಕ ಹರಿದರೂ ಜೀವ ಹೋಗಬಹುದು. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಹೋದ ಕರೆಂಟು ವಾಪಸ್ ಬರಲಿಲ್ಲ ಎಂದು ಗೊತ್ತಾದ ಕೂಡಲೇ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನು ಕಡಿಯುತ್ತದೆ. ಅದರ ಮೈಮೇಲೆ ಟಿ ಎಂದು ಬರೆದ ಒಂದು ಪುಟ್ಟ ಗುಂಡಿ ಇರುತ್ತದೆ. ಒತ್ತಿದರೆ ತಟ್ಟನೆ ಟ್ರಿಪ್ ಆಗಬೇಕು. ಆಗದಿದ್ದರೆ ಕೆಟ್ಟಿದೆ ಎಂದರ್ಥ. ತಿಂಗಳಿಗೊಮ್ಮೆ ಆ ಗುಂಡಿ ಒತ್ತಲು ವೈರ್‌ಮನ್ ಬೇಕಿಲ್ಲ, ಯಾವ ಮೇಷ್ಟ್ರಾದರೂ ಒತ್ತಬಹುದು. ಬಿಸಿಯೂಟದ ರುಚಿ ನೋಡಿದ ಹಾಗೆಯೇ.

ಇಲ್ಲಿ ಒಂದು ತೊಡಕು ಇದೆ, ಅದನ್ನೂ ಹೇಳಬೇಕು. ಹಳೆಯ ವೈರಿಂಗ್ ಇರುವ ಕಡೆ ಆರ್‌ಸಿಸಿಬಿ ಹಾಕಿದ ದಿನವೇ ಪದೇ ಪದೇ ಟ್ರಿಪ್ ಆಗುತ್ತದೆ. ಮಳೆ ಬಂದರಂತೂ ನಿಲ್ಲುವುದೇ ಇಲ್ಲ. ಎಲ್ಲೋ ಸೋರುತ್ತಿದೆ ಎಂದು ಅದು ಹೇಳುತ್ತಿರುತ್ತದೆ. ಆದರೆ ನಮಗೆ ಬರುವ ಫೋನು ಹೀಗಿರುತ್ತದೆ: "ಅಣ್ಣ, ಅದನ್ನ ಕಿತ್ತಾಕಿ ಡೈರೆಕ್ಟ್ ಮಾಡಿಕೊಡು." ಎಷ್ಟೋ ಜನ ಮಾಡಿಕೊಟ್ಟೂ ಬರುತ್ತಾರೆ. ಸೋರಿಕೆ ಹುಡುಕಿ ವೈರು ಬದಲಿಸಲು ದುಡ್ಡು ಬೇಕು, ಎಚ್‌ಎಂ ಕೈಯಲ್ಲಿ ದುಡ್ಡಿಲ್ಲ. ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ ಮೂವತ್ತಕ್ಕಿಂತ ಹೆಚ್ಚು, ನೂರರವರೆಗೆ ಮಕ್ಕಳಿರುವ ಶಾಲೆಗೆ ವರ್ಷಕ್ಕೆ 25,000 ರೂಪಾಯಿ. ಸೀಮೆಸುಣ್ಣ, ರಿಜಿಸ್ಟರು, ಫಿನಾಯಿಲು, ಒಡೆದ ಹೆಂಚು, ಕೆಟ್ಟ ನಲ್ಲಿ ಎಲ್ಲ ಅದರಲ್ಲೇ ಆಗಬೇಕು. 2023ರ ರಾಜ್ಯೋತ್ಸವದ ದಿನ ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಎಂದು ಸರ್ಕಾರ ಘೋಷಿಸಿದಾಗ ಬಹಳ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಕರೆಂಟು ಕೊಟ್ಟ ಸರ್ಕಾರವೇ ಅದು ಹರಿಯುವ ವೈರಿಗೂ ಪ್ರತ್ಯೇಕವಾಗಿ ಒಂದಷ್ಟು ಹಣ ಕೊಡಲಿ.

ಅರ್ಥ್ ಪಿಟ್ಟಿನ, ಅಂದರೆ ಅರ್ಥ್ ವೈರು ನೆಲ ಸೇರುವ ಹೊಂಡದ, ವಿಷಯ ಎರಡೇ ಮಾತು. ಬೆಂಗಳೂರಿನಲ್ಲಿ ಅಂಗಳಕ್ಕೆಲ್ಲ ಇಂಟರ್‌ಲಾಕ್ ಟೈಲ್ಸ್ ಹಾಕಿಸುವ ಭರದಲ್ಲಿ ಅದನ್ನು ಮುಚ್ಚಿಬಿಡುತ್ತಾರೆ. ಬೇಸಿಗೆಯಲ್ಲಿ ನೆಲ ಒಣಗಿದಾಗ ಅದಕ್ಕೆ ನೀರು ಹಾಕಬೇಕು. ಎಲ್ಲಿದೆ ಎಂದೇ ಗೊತ್ತಿಲ್ಲದ ಮೇಲೆ ಯಾರು ಹಾಕುತ್ತಾರೆ?

ಇನ್ನೊಂದು, ಗ್ರಿಲ್ಲಿನ ಬೀಗ. ಮೂರು ಅಂತಸ್ತಿನ ಒಂದು ಖಾಸಗಿ ಶಾಲೆಯಲ್ಲಿ ಕೆಳಗಿಳಿಯುವ ಎರಡನೇ ಮೆಟ್ಟಿಲು ಸಾಲಿನ ಗ್ರಿಲ್ಲಿಗೆ ಯಾವಾಗಲೂ ಬೀಗ. ಕೀ ಎಲ್ಲಿ ಎಂದು ಕೇಳಿದರೆ ಆಯಾ ಹತ್ತಿರ ಎಂದರು, ಆಯಾ ಆವತ್ತು ರಜೆ. ಅವರು ಬೀಗ ಹಾಕಿದ್ದೂ ಮಕ್ಕಳು ಹೊರಗೆ ಓಡಿಹೋಗಬಾರದು ಎನ್ನುವ ಕಾಳಜಿಯಿಂದಲೇ. 2010ರ ಫೆಬ್ರುವರಿ 23ರಂದು ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಹೊಗೆ ತುಂಬಿದಾಗ ಹೊರಬರಲು ದಾರಿ ಸಿಗದೆ ಜನ ಕಿಟಕಿಯಿಂದ ಹಾರಿದರು. ಒಂಬತ್ತು ಜನ ತೀರಿಕೊಂಡರು. ಈ ಊರಿನಲ್ಲಿ ಕರೆಂಟಿನ ಕೆಲಸ ಮಾಡುವ ನಾವು ಯಾರೂ ಆ ದಿನ ಮರೆತಿಲ್ಲ. ಹೊರಹೋಗುವ ಬಾಗಿಲು ಒಳಗಿನಿಂದ ಕೀ ಇಲ್ಲದೆ ತೆರೆಯುವಂತಿರಬೇಕು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಬೀಗದ ಜಾಗಕ್ಕೆ ಒಳಗಿನಿಂದ ಎಳೆಯುವ ಒಂದು ಚಿಲಕ ಹಾಕಿಸಿ, ಅಲ್ಲೊಂದು ಗಂಟೆ ಕಟ್ಟಿದರೆ ಯಾರಾದರೂ ತೆರೆದ ಕೂಡಲೇ ಗೊತ್ತಾಗುತ್ತದೆ.

ತಮ್ಮಿಂದ ನಾನು ಕೇಳುವುದು ಒಂದು ಸುತ್ತೋಲೆ. ಸರ್ಕಾರಿ, ಅನುದಾನಿತ, ಖಾಸಗಿ ಎಲ್ಲ ಶಾಲೆಗೂ ಅನ್ವಯಿಸಲಿ. ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವ ಮೊದಲು ಮೇನ್ ಬೋರ್ಡಿಗೆ ಆರ್‌ಸಿಸಿಬಿ ಇರಲಿ, ತಿಂಗಳಿಗೊಮ್ಮೆ ಗುಂಡಿ ಒತ್ತಿದ ದಿನಾಂಕ ಬೋರ್ಡಿನ ಪಕ್ಕದ ಗೋಡೆಯ ಮೇಲೆಯೇ ಬರೆದಿರಲಿ, ಅಪ್ಪ ಅಮ್ಮಂದಿರು ಬಂದಾಗ ಓದಲಿ. ಬಿಇಒ ಸಾಹೇಬರು ಶಾಲೆಗೆ ಬಂದಾಗ ಫೈಲು ತರಿಸಿಕೊಳ್ಳುವ ಮೊದಲು ನಾಲ್ಕು ಮಕ್ಕಳನ್ನು ಪಕ್ಕಕ್ಕೆ ಕರೆದು ಕೇಳಲಿ: ಎಲ್ಲಿ ಮುಟ್ಟಿದರೆ ಜುಮ್ ಅನ್ನುತ್ತೆ, ಯಾವ ಗೋಡೆ ಹತ್ತಿರ ಹೋಗಲು ಭಯ, ಯಾವ ಬಾಗಿಲು ತೆರೆಯಲ್ಲ. ಮತ್ತು ದಯವಿಟ್ಟು ಇದೊಂದನ್ನು ಮರೆಯಬೇಡಿ: ನಮ್ಮ ಶಾಲೆಯಲ್ಲಿ ಇಂಥ ದೋಷ ಇದೆ ಎಂದು ತಾವಾಗಿ ಬರೆದು ತಿಳಿಸಿದ ಎಚ್‌ಎಂಗೆ ನೋಟಿಸ್ ಕೊಡಬೇಡಿ. ಏನಾದರೂ ಆದ ಮೇಲೆ ಮೊದಲು ಅಮಾನತಾಗುವವರು ಅವರೇ ಎಂದು ಗೊತ್ತಿರುವುದರಿಂದ ಎಲ್ಲರೂ ಟೇಪ್ ಸುತ್ತಿ ಸುಮ್ಮನಾಗುತ್ತಾರೆ. ಮೊದಲೇ ಹೇಳಿದವರಿಗೆ ರಿಪೇರಿಯ ದುಡ್ಡು ಕೊಡಿ.

ನಮ್ಮ ಕಡೆಯಿಂದ ಒಂದು ಮಾತು. ಲಗ್ಗೆರೆ, ಪೀಣ್ಯ ಕಡೆ ನನಗೆ ಗೊತ್ತಿರುವ ಪರ್ಮಿಟ್ ಇರುವ ವೈರ್‌ಮನ್‌ಗಳು ಏಳೆಂಟು ಜನ ಇದ್ದೇವೆ. ಮೇ ತಿಂಗಳ ಭಾನುವಾರಗಳಲ್ಲಿ ಕೂಲಿ ಇಲ್ಲದೆ ಸುತ್ತಮುತ್ತಲ ಸರ್ಕಾರಿ ಶಾಲೆಗಳ ಬೋರ್ಡು, ಕೂಲರು, ಮೋಟರು, ಅರ್ಥಿಂಗ್ ನೋಡಿಕೊಡಲು ಸಿದ್ಧ. ನಾವಾಗಿ ಹೋದರೆ ಗೇಟು ತೆಗೆಯುವುದಿಲ್ಲ. ಒಳಗೆ ಬಿಡಿ ಎಂದು ಇಲಾಖೆಯಿಂದ ಒಂದು ಪತ್ರ ಕೊಡಿಸಿ.

ಆ ಶಾಲೆಯ ಕೂಲರಿಗೆ ಆವತ್ತೇ ಹೊಸ ತ್ರೀ ಪಿನ್ ಪ್ಲಗ್ ಹಾಕಿ ಹಸಿರು ವೈರು ಜೋಡಿಸಿ ಬಂದೆ. ಮೂರು ವಾರ ಬಿಟ್ಟು ಮೋಟರಿಗೆ ಕೆಪಾಸಿಟರ್ ಹಾಕಲು ಮತ್ತೆ ಹೋದಾಗಲೂ ಚಪ್ಪಲಿ ಅಲ್ಲೇ ಇತ್ತು. ಮಕ್ಕಳು ಇನ್ನೂ ಹಾಕಿಕೊಂಡೇ ನೀರು ಹಿಡಿಯುತ್ತಿದ್ದರು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ವೈರ್‌ಮನ್, ಲಗ್ಗೆರೆ, ಬೆಂಗಳೂರು