ಮೂರು ನಿಮಿಷಕ್ಕೆ ಒಗ್ಗದ ಹಾಡುಗಳು

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ಬಂದಾಗ ರಾತ್ರಿ ಎರಡೂ ಮುಕ್ಕಾಲು. ಮಗಳು ಎದೆ ಮೇಲೆ ಮಲಗಿದ್ದಾಳೆ, ಅಲ್ಲಾಡುವ ಹಾಗಿಲ್ಲ, ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಹಾಕಿಕೊಂಡಿದ್ದೇನೆ, ಏನು ಕೇಳಲಿ ಹೇಳು ಅಂತ ನೀನು ಬರೆದಿದ್ದೆ. ಕೆಳಗೆ ಇನ್ನೊಂದು ಸಾಲು. ಗದ್ದಲದ ಪಂಕ್ ಕೇಳುವ ಹಾಗಿಲ್ಲ, ಹಿನ್ನೆಲೆಯಲ್ಲಿ ಸುಮ್ಮನೆ ಹರಿಯುವ ಆಂಬಿಯೆಂಟ್ ಕೇಳುವಷ್ಟು ವಯಸ್ಸಾಗಿಲ್ಲ, ಅಂತ. ಉತ್ತರ ಬರೆಯಲು ಹೊರಟೆ. ಮೂರು ದಿನವಾದರೂ ಮುಗಿಯಲಿಲ್ಲ, ಅದಕ್ಕೇ ಪತ್ರ. ನಿನ್ನ ಹೆಸರು ತೆಗೆದು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ನಿನ್ನ ಹಾಗೆ ರಾತ್ರಿ ಎಚ್ಚರ ಇರುವ ಅಪ್ಪಂದಿರು ಇನ್ನೂ ನಾಲ್ಕು ಜನ ಇದ್ದೇ ಇರುತ್ತಾರೆ.

ಮೊದಲು ಆ ಕೊನೆಯ ಸಾಲಿನ ಜೊತೆ ನನ್ನ ಜಗಳ. ನೀನು ಈಗ ಇರುವ ಸ್ಥಿತಿಯಲ್ಲೇ ಆಂಬಿಯೆಂಟ್ ಹುಟ್ಟಿದ್ದು ಕಣೋ. 1975ರಲ್ಲಿ ಸಂಗೀತಗಾರ ಬ್ರಯಾನ್ ಈನೋಗೆ ಕಾರು ಡಿಕ್ಕಿ ಹೊಡೆದು ಹಾಸಿಗೆ ಹಿಡಿದಿದ್ದ. ಗೆಳತಿ ಜೂಡಿ ನೈಲಾನ್ ನೋಡಲು ಬಂದವಳು ಹಾರ್ಪ್ ಅನ್ನುವ ತಂತಿವಾದ್ಯದ ಒಂದು ರೆಕಾರ್ಡ್ ತಂದುಕೊಟ್ಟಳು. ಅವಳು ಹೋದ ಮೇಲೆ ಕಷ್ಟಪಟ್ಟು ಎದ್ದು ಅದನ್ನು ಹಾಕಿದನಂತೆ. ಮತ್ತೆ ಮಲಗಿದ ಮೇಲೆ ಗೊತ್ತಾಯಿತು, ಸದ್ದು ತೀರಾ ಕಡಿಮೆ ಇದೆ, ಸ್ಟೀರಿಯೋದ ಒಂದು ಕಡೆ ಕೆಲಸವೇ ಮಾಡುತ್ತಿಲ್ಲ. ಏಳಲು ಆಗಲಿಲ್ಲ. ಹೊರಗೆ ಮಳೆ. ಹಾರ್ಪ್ ಮಳೆಯೊಳಗೆ ಸೇರಿಹೋಗಿ, ಕೋಣೆಯ ಬೆಳಕಿನ ಹಾಗೆ ಸುಮ್ನೆ ಅಲ್ಲೇ ಇತ್ತು. ಇದು ಅವನೇ ಬರೆದುಕೊಂಡ ಕತೆ. ಒಂದೇ ಕಿವಿ, ಏಳುವ ಹಾಗಿಲ್ಲ. ಎಲ್ಲೋ ಕೇಳಿದ ಹಾಗಿದೆ ಅಲ್ವಾ?

ನನಗೆ ಇದರಲ್ಲಿ ಜಾಸ್ತಿ ಇಷ್ಟವಾಗುವುದು ಬೇರೆ ವಿಷಯ. ಆ ರೆಕಾರ್ಡ್ ತಂದ ಜೂಡಿ ನೈಲಾನ್ ಸ್ನ್ಯಾಚ್ ಅನ್ನುವ ಪಂಕ್ ಜೋಡಿಯಲ್ಲಿ ಒಬ್ಬಳು. ಮುಂದೆ 1978ರಲ್ಲಿ ಈನೋ ವಿಮಾನ ನಿಲ್ದಾಣಗಳಿಗೆಂದು ಒಂದು ಆಲ್ಬಮ್ ಮಾಡಿದ, ಆಂಬಿಯೆಂಟ್ ಅನ್ನುವ ಹೆಸರು ಅಂಟಿದ್ದೇ ಅದರಿಂದ. ಅದೇ ವರ್ಷ ಅವನು 'ನೋ ನ್ಯೂಯಾರ್ಕ್' ಅನ್ನುವ ಸಂಕಲನವನ್ನೂ ಪ್ರೊಡ್ಯೂಸ್ ಮಾಡಿದ. ನಾಲ್ಕು ಬ್ಯಾಂಡು, ತಲಾ ನಾಲ್ಕು ಹಾಡು, ಕೇಳಿದರೆ ಹಲ್ಲು ಜುಮ್ಮೆನ್ನುವ ಗಿಟಾರು. ಒಬ್ಬನೇ ಮನುಷ್ಯ, ಒಂದೇ ವರ್ಷ. ವಯಸ್ಸಾಗುವುದಕ್ಕೂ ಇದಕ್ಕೂ ಏನು ಸಂಬಂಧ?

ನನಗೆ ಅನ್ನಿಸುವುದು, ಇವೆರಡಕ್ಕೂ ಜಗಳ ಇರುವುದು ಮೂರು ನಿಮಿಷದ ಜೊತೆ. ಹಾಡು ಅಂದರೆ ಮೂರು ನಿಮಿಷ ಅಂತ ತೀರ್ಮಾನ ಮಾಡಿದ್ದು ಯಾವ ಸಂಗೀತಗಾರನೂ ಅಲ್ಲ. ಹತ್ತು ಇಂಚಿನ ಹಳೆಯ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಒಂದು ಮುಖದಲ್ಲಿ ಹಿಡಿಸುತ್ತಿದ್ದದ್ದೇ ಸುಮಾರು ಅಷ್ಟು. ತಟ್ಟೆ ಹೋಯಿತು, ಅಳತೆ ಉಳಿಯಿತು. ಪಂಕ್‌ನವರು ಒಂದೂವರೆ ನಿಮಿಷಕ್ಕೆ ಹೇಳುವುದನ್ನು ಹೇಳಿ ಎದ್ದು ಹೋದರು. ಆಂಬಿಯೆಂಟ್‌ನವರು ಇಪ್ಪತ್ತು ನಿಮಿಷವಾದರೂ ಏಳಲೇ ಇಲ್ಲ.

ನಮ್ಮ ಬ್ಯಾಂಡಿನ ಮೊದಲ ಕಾರ್ಯಕ್ರಮ ನೆನಪಿದೆಯಾ? ಹದಿನೈದು ನಿಮಿಷ ಕೊಟ್ಟಿದ್ದರು. ನಿನ್ನ ಡ್ರಮ್ಸಿನ ಅವಸರಕ್ಕೆ ನಮ್ಮ ಎಲ್ಲ ಹಾಡೂ ಸೇರಿ ಒಂಬತ್ತು ನಿಮಿಷಕ್ಕೆ ಮುಗಿದುಹೋಯಿತು. ಮುಂದಿನ ಬ್ಯಾಂಡು ಇನ್ನೂ ಬಂದಿರಲಿಲ್ಲ. ಏನು ಮಾಡುವುದು ಗೊತ್ತಾಗದೆ ನಾನು ಗಿಟಾರನ್ನು ಆಂಪ್ಲಿಫೈಯರ್‌ಗೆ ಒರಗಿಸಿ, ತಾನೇ ಊಳಿಡುವ ಫೀಡ್‌ಬ್ಯಾಕ್ ಬಿಟ್ಟು ನಿಂತೆ. ಆರು ನಿಮಿಷ. ನೀನು ಸಿಂಬಲ್ ತಟ್ಟೆಯ ಮೇಲೆ ಬೆರಳು ಆಡಿಸುತ್ತಾ ಕೂತಿದ್ದೆ. ಕೊನೆಗೆ ಬಂದು ಮಾತಾಡಿಸಿದ ಒಬ್ಬನೇ ಒಬ್ಬ ಹೊಗಳಿದ್ದು ಆ ಆರು ನಿಮಿಷವನ್ನೇ. ನನಗೆ ಆವತ್ತು ಅವಮಾನವಾಗಿತ್ತು.

ಸರಿ, ಹೊಸದಕ್ಕೆ ಬರುತ್ತೇನೆ.

ನೀನು ಡ್ರಮ್ಮರ್ ಅಂತ ಮೊದಲು ಯಾಹ್ವೆ ನೇಲ್‌ಗನ್. ನ್ಯೂಯಾರ್ಕಿನ ಬ್ಯಾಂಡ್, 2025ರಲ್ಲಿ ಬಂದ ಆಲ್ಬಮ್ಮಿನ ಹೆಸರು '45 ಪೌಂಡ್ಸ್'. ಹತ್ತು ಹಾಡು, ಎಲ್ಲ ಸೇರಿ ಇಪ್ಪತ್ತೊಂದೇ ನಿಮಿಷ. ಡ್ರಮ್ಮರ್ ರೊಟೊಟಾಮ್ ಬಳಸುತ್ತಾನೆ. ಗೊತ್ತಲ್ಲ, ಕೆಳಗೆ ಡಬ್ಬಿಯೇ ಇಲ್ಲದ, ತಿರುಗಿಸಿದರೆ ಶ್ರುತಿ ಏರಿಳಿಯುವ ಬಳೆಯಂಥ ಡ್ರಮ್. ಅದರ ಸದ್ದಿಗೆ ಹೊಟ್ಟೆ ಇರುವುದಿಲ್ಲ, ಬರೀ ಪೆಟ್ಟು. ಗಿಟಾರು ಗಿಟಾರಿನ ಹಾಗೆ ಕೇಳುವುದಿಲ್ಲ. ಹಾಡುವವನು ಉಸಿರು ಸಿಕ್ಕಿಹಾಕಿಕೊಂಡವನ ಹಾಗೆ ಕೂಗುತ್ತಾನೆ. ಮೊದಲ ಸಲ ನನಗೆ ಸಿಟ್ಟೇ ಬಂತು. ನಾಲ್ಕನೇ ಸಲಕ್ಕೆ ಅಡಿಯಲ್ಲಿ ಮಂಜಿನ ಹಾಗೆ ಒಂದು ಸಿಂಥಸೈಜರ್ ಹರಿಯುತ್ತಿರುವುದು ಕೇಳಿಸಿತು. ಮೇಲೆ ಅಷ್ಟು ಗದ್ದಲ ಇದ್ದರೂ ಅದಕ್ಕೆ ಯಾವ ಅವಸರವೂ ಇಲ್ಲ.

ಇದನ್ನು ತಂದ ಲೇಬಲ್, ಅಂದರೆ ರೆಕಾರ್ಡ್ ಕಂಪನಿ, ಎಡಿ 93. ಲಂಡನ್ನಿನದು, ಎಲೆಕ್ಟ್ರಾನಿಕ್ ಸಂಗೀತದಿಂದ ಶುರುವಾದದ್ದು. ಇದೇ ಲೇಬಲ್ಲಿನಲ್ಲಿ ಮೊಯಿನ್ ಅನ್ನುವವರಿದ್ದಾರೆ, 2024ರಲ್ಲಿ 'ಯೂ ನೆವರ್ ಎಂಡ್' ತಂದರು. ಮೂವರಲ್ಲಿ ಇಬ್ಬರು ಮೊದಲು ರೈಮ್ ಅನ್ನುವ ಹೆಸರಿನಲ್ಲಿ ಕತ್ತಲೆಗಟ್ಟಿದ ಎಲೆಕ್ಟ್ರಾನಿಕ್ ಸಂಗೀತ ಮಾಡುತ್ತಿದ್ದವರು. ಮೂರನೆಯವಳು ವ್ಯಾಲೆಂಟೀನಾ ಮಗಲೆಟ್ಟಿ, ಡ್ರಮ್ಮರ್. ಗಿಟಾರಿನ ವರಸೆ ಪೂರ್ತಿ ಪಂಕ್‌ನಿಂದ ಹುಟ್ಟಿದ ತೊಂಬತ್ತರ ದಶಕದ ಪೋಸ್ಟ್-ಹಾರ್ಡ್‌ಕೋರ್. ಆದರೆ ಹಾಡು ಎಲ್ಲಿಗೂ ಹೋಗುವುದಿಲ್ಲ. ಈಗ ಕೂಗುತ್ತಾರೆ, ಈಗ ಒಡೆಯುತ್ತದೆ ಅಂತ ಕಾಯುತ್ತೀಯ. ಒಡೆಯುವುದೇ ಇಲ್ಲ. ಅದೇ ತುಂಡು ಮತ್ತೆ, ಮತ್ತೆ. ಯಾರೋ ಪಕ್ಕದಲ್ಲಿ ಮಾತಾಡಿಕೊಳ್ಳುತ್ತಿರುತ್ತಾರೆ. ಮಗಲೆಟ್ಟಿಯ ಕೈ ಕೇಳು. ಒಂದೇ ತಾಳ, ಆದರೆ ಪ್ರತಿ ಸುತ್ತಿಗೂ ಒಂದು ಪೆಟ್ಟು ಕೂದಲೆಳೆಯಷ್ಟು ಆಚೀಚೆ. ಈ ಪಟ್ಟಿಯಲ್ಲಿ ಒಂದೇ ಒಂದು ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ.

ಶೆಲ್ಯಾಕ್ ಬ್ಯಾಂಡಿನ ವಿಷಯ ನಿನಗೆ ಗೊತ್ತಿರಬೇಕು. ಅದರ ಗಿಟಾರಿಸ್ಟ್, ಹಾಡುಗಾರ ಸ್ಟೀವ್ ಆಲ್ಬಿನಿ 2024ರ ಮೇ 7ರಂದು ತೀರಿಕೊಂಡ, 61 ವರ್ಷ. ಬ್ಯಾಂಡಿನ ಆಲ್ಬಮ್ 'ಟು ಆಲ್ ಟ್ರೇನ್ಸ್' ಮೇ 17ಕ್ಕೆ ಬರುತ್ತದೆ ಅಂತ ಮೊದಲೇ ಹೇಳಿದ್ದರು, ಅದೇ ದಿನ ಬಂತು. ಹತ್ತು ಹಾಡು, ಇಪ್ಪತ್ತೆಂಟು ನಿಮಿಷ. ಕೊನೆಯ ಹಾಡಿನ ಹೆಸರೇ ನರಕಕ್ಕೆ ಹೆದರುವುದಿಲ್ಲ ಅಂತ. ಬರೆದಾಗ ಅದು ಅವನ ಎಂದಿನ ಕುಚೋದ್ಯ ಆಗಿದ್ದಿರಬೇಕು. ನಾನು ಹತ್ತು ದಿನ ಆ ಹಾಡಿನ ಹತ್ತಿರ ಹೋಗಲಿಲ್ಲ, ಒಂಬತ್ತಕ್ಕೇ ನಿಲ್ಲಿಸುತ್ತಿದ್ದೆ. ಬೇರೆಯವರ ಆಲ್ಬಮ್ ರೆಕಾರ್ಡ್ ಮಾಡಿಕೊಟ್ಟರೆ ಅವನು ರಾಯಲ್ಟಿ ತೆಗೆದುಕೊಳ್ಳುತ್ತಿರಲಿಲ್ಲ. ಪ್ಲಂಬರ್‌ಗೆ ಕೊಡುವ ಹಾಗೆ ಮಾಡಿದ ಕೆಲಸಕ್ಕೆ ಕೊಡಿ, ಸಾಕು ಅನ್ನುತ್ತಿದ್ದ. ಅವನ ರೆಕಾರ್ಡಿಂಗಿನಲ್ಲಿ ಡ್ರಮ್ಸ್ ಕೇಳುವಾಗ ಡ್ರಮ್ ಮಾತ್ರ ಕೇಳುವುದಿಲ್ಲ, ಅದು ಇರುವ ಕೋಣೆಯೂ ಕೇಳುತ್ತದೆ. ಗೋಡೆ ಎಷ್ಟು ದೂರ ಇದೆ ಅಂತ ಹೇಳಬಹುದು. ಪೆಟ್ಟು ಮುಗಿದ ಮೇಲೆ ಕೋಣೆ ಸುಮ್ಮನಾಗುವ ತನಕ ಅವನು ಕಾಯುತ್ತಿದ್ದ. ಅಷ್ಟು ಹೊತ್ತು ಅವನೂ ಆಂಬಿಯೆಂಟೇ, ಬೈದರೆ ಬೈಯಿ.

ಲ್ಯಾಂಬ್ರಿನಿ ಗರ್ಲ್ಸ್ ಸದ್ಯಕ್ಕೆ ಬೇಡ. ಬ್ರೈಟನ್ನಿನ ಇಬ್ಬರು ಹುಡುಗಿಯರು, 2025ರ ಜನವರಿಯಲ್ಲಿ ಮೊದಲ ಆಲ್ಬಮ್ ಬಂತು. ಅದನ್ನು ಕೇಳುವಾಗ ಎದ್ದು ಕುಣಿಯದಿದ್ದರೆ ತಪ್ಪು, ನಿನಗೆ ಏಳುವ ಹಾಗಿಲ್ಲ. ಮನೆಯಲ್ಲಿ ಯಾರೂ ಇಲ್ಲದ ಒಂದು ಮಧ್ಯಾಹ್ನಕ್ಕೆ ಇಟ್ಟುಕೋ.

ಒಂದು ದೂರು ಇದೆ. ಬಾಸ್ ಗಿಟಾರಿನ ಮೇಲೆ ಯಾರಾದರೂ ಬೇಸರದ ದನಿಯಲ್ಲಿ ಪಟ್ಟಿ ಓದಿದರೆ ಸಾಕು, ಪೋಸ್ಟ್-ಪಂಕ್ ಅನ್ನುವ ಕಾಲ ಬಂದಿದೆ. ಮೊದಮೊದಲು ಖುಷಿಯಾಗಿತ್ತು, ಈಗ ಸಾಕಾಗಿದೆ. ಆಂಬಿಯೆಂಟ್ ಕಡೆಯೂ ಇಂಥದೇ ಕತೆ. ನಿದ್ದೆಗೆ, ಓದಿಗೆ, ಧ್ಯಾನಕ್ಕೆ ಅಂತ ಹಣೆಪಟ್ಟಿ ಹಚ್ಚಿದ ಪ್ಲೇಲಿಸ್ಟುಗಳಲ್ಲಿ ಅದೇ ಪಿಯಾನೋ, ಅದೇ ಪ್ರತಿಧ್ವನಿ. ಯಾರು ನುಡಿಸಿದರು ಅನ್ನುವುದು ಯಾರಿಗೂ ಬೇಡ. ದಿಂಬಿನ ಹತ್ತಿಯ ಹಾಗೆ ಕೆಜಿಗಟ್ಟಲೆ ತುಂಬುವ ಸಂಗೀತ. ನೀನು ಆಂಬಿಯೆಂಟ್ ಅಂದರೆ ಮೂಗು ಮುರಿಯುವುದು ಇದನ್ನು ಕೇಳಿಯೇ ಅಂತ ನನ್ನ ಗುಮಾನಿ.

ಅದಕ್ಕೆ ಮೇರಿ ಲ್ಯಾಟಿಮೋರ್ ಕೇಳು. ಮತ್ತೆ ಹಾರ್ಪ್, ನೋಡು. 2023ರ 'ಗುಡ್‌ಬೈ, ಹೋಟೆಲ್ ಅರ್ಕಾಡಾ', ಆರೇ ತುಂಡುಗಳು. ಕ್ರೊಯೇಷಿಯಾದ ಒಂದು ದ್ವೀಪದ ಹಳೆಯ ಹೋಟೆಲಿನ ಹೆಸರು ಅದು. ಅದರಲ್ಲಿ ಒಂದು ತುಂಡಿಗೆ ಬಂದು ನುಡಿಸಿದವನು ಲೋಲ್ ಟೋಲ್‌ಹರ್ಸ್ಟ್, ದಿ ಕ್ಯೂರ್ ಬ್ಯಾಂಡ್ ಕಟ್ಟಿದವರಲ್ಲಿ ಒಬ್ಬ, ಅವರ ಮೊದಲ ಡ್ರಮ್ಮರ್. ನಿನ್ನ ಪಂಕ್ತಿಯವನೇ. ಮಗಳಿಗೂ ಇದು ಆಗುತ್ತದೆ.

ಆಗದೇ ಇರುವುದು ಗಾಯಕಿ ಈಥಲ್ ಕೇನ್‌ಳ 'ಪರ್ವರ್ಟ್ಸ್'. 2025ರ ಜನವರಿಯದು, ಸ್ವಂತ ಲೇಬಲ್ಲಿನಿಂದ. ಹಿಂದಿನ ಆಲ್ಬಮ್ಮಿನಲ್ಲಿ ಒಳ್ಳೆ ಹಾಡುಗಳಿದ್ದವು, ಜನ ಸೇರಿದ್ದರು. ಸೇರಿದ ಜನರ ಮುಂದೆ ಅವಳು ಒಂಬತ್ತು ತುಂಡುಗಳ, ಹೆಚ್ಚುಕಡಿಮೆ ಒಂದೂವರೆ ಗಂಟೆಯ ಗುಂಯ್ ಅನ್ನುವ ಕತ್ತಲೆ ತಂದಿಟ್ಟಳು. ಸಂಗೀತ ಆಂಬಿಯೆಂಟ್, ಧೈರ್ಯ ಪೂರ್ತಿ ಪಂಕ್. ನಿಜ ಹೇಳಬೇಕು ಅಂದರೆ ನನಗೆ ಅದು ಉದ್ದವಾಯಿತು. ಎರಡು ಸಲ ಅರ್ಧಕ್ಕೆ ಬಿಟ್ಟು, ಮೂರನೇ ಸಲ ದೀಪ ಹಾಕಿಕೊಂಡು ಮುಗಿಸಿದೆ. ಮಗು ಇರುವ ಕೋಣೆಯಲ್ಲಂತೂ ಬೇಡವೇ ಬೇಡ.

ಚ್ಯಾಟ್ ಪೈಲ್ ಮತ್ತು ಹೇಡನ್ ಪೆಡಿಗೊ ಸೇರಿ ಮಾಡಿದ್ದು ನನಗೆ ಅಚ್ಚರಿ ತಂದದ್ದು. ಚ್ಯಾಟ್ ಪೈಲ್ ಒಕ್ಲಹೋಮಾ ಸಿಟಿಯ ಬ್ಯಾಂಡು, ಕಬ್ಬಿಣ ಎಳೆದಾಡಿದ ಹಾಗಿನ ಗದ್ದಲ. ಪೆಡಿಗೊ ಬೆರಳಿನಲ್ಲಿ ಮೀಟುವ ಅಕೌಸ್ಟಿಕ್ ಗಿಟಾರಿನವನು, ಒಂದು ಸಲ ತನ್ನ ಊರಿನ ನಗರಸಭೆ ಚುನಾವಣೆಗೂ ನಿಂತಿದ್ದ. 2025ರ 'ಇನ್ ದಿ ಅರ್ತ್ ಅಗೇನ್' ಇವರಿಬ್ಬರದು. ಗದ್ದಲ ಒಂದು ಕಡೆ, ಮೌನ ಒಂದು ಕಡೆ ಇರುತ್ತದೆ ಅಂದುಕೊಂಡಿದ್ದೆ. ಹಾಗಿಲ್ಲ. ಗಂಟಲು ಹರಿದುಕೊಳ್ಳುವವರು ಇಲ್ಲಿ ದನಿ ತಗ್ಗಿಸಿದ್ದಾರೆ, ಆ ತಗ್ಗಿದ ದನಿಯೇ ಜಾಸ್ತಿ ಹೆದರಿಸುತ್ತದೆ.

ಗಾಡ್‌ಸ್ಪೀಡ್ ಯೂ! ಬ್ಲ್ಯಾಕ್ ಎಂಪರರ್ ಅನ್ನುವ ಬ್ಯಾಂಡು 2024ರ ಅಕ್ಟೋಬರಿನಲ್ಲಿ ತಂದ ಆಲ್ಬಮ್ಮಿಗೆ ಹೆಸರೇ ಇಡಲಿಲ್ಲ. ಹೆಸರಿಲ್ಲ, 13 ಫೆಬ್ರವರಿ 2024ರ ಹೊತ್ತಿಗೆ 28,340 ಸಾವು, ಅಂತಷ್ಟೇ ಮೇಲೆ ಬರೆದರು. ಗಾಜಾದಲ್ಲಿ ಆ ದಿನದ ತನಕ ಎಣಿಸಿದ ಸಾವಿನ ಲೆಕ್ಕ ಅದು. ಇವರು ಹಾಡುವುದಿಲ್ಲ, ಹೇಳಬೇಕಾದದ್ದನ್ನು ಹೆಚ್ಚಾಗಿ ಶೀರ್ಷಿಕೆಯಲ್ಲೇ ಹೇಳುತ್ತಾರೆ. ಇವರ 1997ರ ಮೊದಲ ಎಲ್‌ಪಿಯ ಕೊನೆಯ ಗೆರೆ ತನ್ನ ಸುತ್ತಲೇ ಸುತ್ತುವ ಹಾಗೆ ಕೊರೆದಿತ್ತು. ನೀನು ಎದ್ದು ಹೋಗಿ ಮುಳ್ಳು ಎತ್ತುವ ತನಕ ಹಾಡು ಮುಗಿಯುವುದಿಲ್ಲ.

ಈಗ ಲೆಕ್ಕದ ವಿಷಯ, ಬೇಗ ಮುಗಿಸುತ್ತೇನೆ. ಸ್ಪಾಟಿಫೈನಲ್ಲಿ ಮೂವತ್ತು ಸೆಕೆಂಡು ಕೇಳಿದರೆ ಒಂದು ಸಲ ಕೇಳಿದ ಹಾಗೆ. ಒಂದೇ ಸ್ವರ ಹಿಡಿದು ಕೂರುವ ಇಪ್ಪತ್ತು ನಿಮಿಷದ ಡ್ರೋನ್ ಸಂಗೀತ ಪೂರ್ತಿ ಕೇಳಿದರೂ ಲೆಕ್ಕಕ್ಕೆ ಒಂದೇ. ಇಪ್ಪತ್ತು ಸೆಕೆಂಡಿನ ಪಂಕ್ ಹಾಡಿಗೆ ಸೊನ್ನೆ. 2024ರಿಂದ ಇನ್ನೊಂದು ನಿಯಮ, ಹನ್ನೆರಡು ತಿಂಗಳಲ್ಲಿ ಸಾವಿರ ಸಲ ಕೇಳದ ಹಾಡಿಗೆ ಕಾಸಿಲ್ಲ. ತಟ್ಟೆಯ ಅಳತೆ ಹೋಗಿ ಈ ಅಳತೆ ಬಂದಿದೆ, ನೋಡು. ಸಂಗೀತ ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟದಲ್ಲಿ ಶೇ 15 ಇಟ್ಟುಕೊಳ್ಳುತ್ತದೆ. ಅದೂ 2022ರಲ್ಲಿ ಒಬ್ಬರಿಗೆ, 2023ರಲ್ಲಿ ಇನ್ನೊಬ್ಬರಿಗೆ ಮಾರಾಟವಾಯಿತು, ಅರ್ಧದಷ್ಟು ಜನರ ಕೆಲಸ ಹೋಯಿತು. ಆದರೂ ನಾನು ಕೊಳ್ಳುವುದು ಅಲ್ಲೇ. ಸಿಂಡಿ ಲೀ ಈ ಗೋಜೇ ಬೇಡ ಅಂದರು. 2024ರ ಮಾರ್ಚಿನಲ್ಲಿ 'ಡೈಮಂಡ್ ಜೂಬಿಲಿ', ಮೂವತ್ತೆರಡು ಹಾಡು, ಎರಡು ಗಂಟೆ. ಯೂಟ್ಯೂಬಿನಲ್ಲಿ ಒಂದೇ ವಿಡಿಯೋ, ಜೊತೆಗೆ ತೊಂಬತ್ತರ ದಶಕದಿಂದ ಎದ್ದು ಬಂದ ಹಾಗಿನ ಒಂದು ಪುಟದಲ್ಲಿ ಡೌನ್‌ಲೋಡ್, ಮನಸ್ಸಿದ್ದರೆ ಹಣ ಕೊಡಿ ಅಂತ. ಜಾಹೀರಾತಿಲ್ಲದೆ ಬಾಯಿಂದ ಬಾಯಿಗೆ ಹಬ್ಬಿತು. ಹಾಡುಗಳು ಪಕ್ಕದ ಮನೆಯ ರೇಡಿಯೋದಿಂದ ಗೋಡೆ ದಾಟಿ ಬಂದ ಹಾಗಿವೆ. ಒಂದು ಕಿವಿಗೆ ಹೇಳಿ ಮಾಡಿಸಿದ್ದು.

ಇವತ್ತು ರಾತ್ರಿಗೆ ಲ್ಯಾಟಿಮೋರ್‌ನಿಂದ ಶುರು ಮಾಡು. ಮಗಳು ನಿದ್ದೆಯಲ್ಲಿ ಗಟ್ಟಿಯಾದ ಮೇಲೆ ಮೊಯಿನ್. ಕೊನೆಗೆ ಶೆಲ್ಯಾಕ್, ಸದ್ದು ಎಷ್ಟು ಕಡಿಮೆ ಆಗುತ್ತದೋ ಅಷ್ಟು ಕಡಿಮೆ ಮಾಡಿ. ಆ ಡ್ರಮ್ಸ್ ಅಷ್ಟು ಸಣ್ಣಗೆ ಹೇಗೆ ಕೇಳುತ್ತದೆ ಅಂತ ನನಗೆ ಬರೆ, ನಾನು ಯಾವತ್ತೂ ಹಾಗೆ ಕೇಳಿಲ್ಲ.

ನಾನು ಈಗ ಕೇಳುತ್ತಿರುವುದು ಕಾಲಿ ಮಲೋನ್‌ಳ 2024ರ 'ಆಲ್ ಲೈಫ್ ಲಾಂಗ್'. ಚರ್ಚುಗಳ ಪೈಪ್ ಆರ್ಗನ್, ಒಂದು ಗಾಯಕರ ಗುಂಪು, ಹಿತ್ತಾಳೆ ವಾದ್ಯಗಳು. ಒಂದು ಸ್ವರದಿಂದ ಇನ್ನೊಂದಕ್ಕೆ ಅದು ಹೊರಳುವುದನ್ನು ಕಾಯುವುದೇ ಕೆಲಸ. ನಿನ್ನ ಸ್ನೇರ್ ಡ್ರಮ್ ಇನ್ನೂ ನನ್ನ ಹತ್ತಿರವೇ ಇದೆ, ಗೊತ್ತಲ್ಲ, ಮೂಲೆಯಲ್ಲಿ, ಬಟ್ಟೆ ಮುಚ್ಚಿಟ್ಟಿದ್ದೇನೆ. ಆರ್ಗನ್ ಕೆಳಗಿನ ಒಂದು ಸ್ವರಕ್ಕೆ ಇಳಿದಾಗಲೆಲ್ಲ ಅದರ ಅಡಿಯ ತಂತಿಗಳು ತಾವೇ ಝರ್ ಅನ್ನುತ್ತವೆ. ಮೊದಲ ದಿನ ಸ್ಪೀಕರ್ ಹಾಳಾಯಿತು ಅಂದುಕೊಂಡು ವೈರು ಬಿಚ್ಚಿ ಹಾಕಿ ಒದ್ದಾಡಿದೆ. ಈಗ ಆ ಸ್ವರ ಬರುವ ಹೊತ್ತಿಗೆ ಮೂಲೆ ಕಡೆ ನೋಡುತ್ತೇನೆ. ಯಾವಾಗ ಬಂದು ಒಯ್ಯುತ್ತೀಯ? ಅವಸರ ಏನೂ ಇಲ್ಲ.

ನಿನ್ನ ಗೆಳೆಯ