ನಿಜಾಮನಿಗೆ, ಅಪ್ಪನ ಕೆರೆಯ ದಂಡೆಯಿಂದ

ಎಲೈ ನಿಜಾಮನೇ,

‘ಅಕ್ಕನ ದುಡ್ಡು ಉಳಿಸಿದೆ, ನಿನ್ನ ಋಣ ದೊಡ್ಡದು’ ಎಂದು ಬರೆದು, ಕೆಳಗೆ ಆರು ಸಲ ಕೈಮುಗಿದಿದ್ದೀಯ. ಇದಕ್ಕೆ ಮೊದಲು ನೀನು ನನಗೆ ಕೈಮುಗಿದದ್ದು ಒಂದೇ ಸಲ, ಶಹಾಬಾದಿನಲ್ಲಿ, ಆ ಛತ್ರಿಯ ದಿನ. ಆಗಲೂ ತಪ್ಪು ನನ್ನದೇ ಇತ್ತು. ಅದಕ್ಕೇ ಈ ಪತ್ರ. ಎಲ್ಲರ ಕಣ್ಣಿಗೆ ಬೀಳುವ ಕಡೆ ಹಾಕುತ್ತಿದ್ದೇನೆ. ನಿನಗೊಬ್ಬನಿಗೇ ಬರೆದರೆ ಎರಡನೇ ಪುಟಕ್ಕೆ ಸುಳ್ಳು ಶುರುವಾಗುತ್ತದೆ.

ಮೇ ತಿಂಗಳ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದು ಕಾಲಿಗೆ ನಮಸ್ಕರಿಸಿದ. ಕಲಬುರಗಿಯ ಮೇ ನೀನು ಮರೆತಿರಲಿಕ್ಕಿಲ್ಲ, ನಲ್ಲಿಯ ನೀರಿಗೆ ಬೇಳೆ ಹಾಕಿದರೆ ಸಾಕು ಎನ್ನುವ ಕಾಲ. ಅಂಥ ಹೊತ್ತಿನಲ್ಲಿ ಅವನು ನನ್ನ ತೊಡೆಯ ಮೇಲೆ ಸಮುದ್ರ ಇಟ್ಟ. ಇಂಡೊನೇಷ್ಯಾದ ಲೊಂಬೊಕ್, ಬಾಲಿಯ ಪಕ್ಕದ ದ್ವೀಪ. ಅಲ್ಲಿ ರೆಸಾರ್ಟ್ ಏಳಲಿದೆಯಂತೆ. ವಿಲ್ಲಾ ಒಂದೊಂದನ್ನೂ ಪಾಲು ಮಾಡಿ ನಮ್ಮಂಥವರಿಗೆ ಕೊಡುತ್ತಾರಂತೆ. ವರ್ಷಕ್ಕೆ ಶೇಕಡಾ 12 ಲಾಭ, ಮೇಲೆ ಹದಿನಾಲ್ಕು ರಾತ್ರಿ ಪುಕ್ಕಟೆ ವಾಸ.

‘ಸರ್, ನಿವೃತ್ತಿಯ ದುಡ್ಡು ಮಲಗಬಾರದು’ ಎಂದ. ನನ್ನ ಗ್ರ್ಯಾಚುಟಿ, ಜಿಪಿಎಫ್ ಎಂಬ ಭವಿಷ್ಯ ನಿಧಿ, ಪಿಂಚಣಿಯ ಮೂರನೇ ಒಂದು ಪಾಲನ್ನು ಕಮ್ಯುಟೇಷನ್ ಮಾಡಿ, ಅಂದರೆ ಮುಂಚಿತವಾಗಿಯೇ ಒಟ್ಟಿಗೆ ಪಡೆದು, ತಂದ ಗಂಟು, ಎಲ್ಲವೂ ಬ್ಯಾಂಕಿನಲ್ಲಿ ಮಲಗಿತ್ತು ನಿಜ. ಮಾಲೀಕನೇ ಮಧ್ಯಾಹ್ನ ಎರಡು ತಾಸು ಮಲಗುವಾಗ ದುಡ್ಡು ಮಲಗಿದರೇನು ಎಂದು ಕೇಳಬೇಕಿತ್ತು. ಕೇಳಲಿಲ್ಲ.

ಚೆಕ್ಕನ್ನು ತನ್ನ ಖಾತೆಗೇ ಬರೆಯಿರಿ, ಎಲ್ಲರದ್ದನ್ನೂ ಕೂಡಿಸಿ ಕಳುಹಿಸುತ್ತೇನೆ ಎಂದನಲ್ಲ, ಅಲ್ಲೇ ನಾನು ಎದ್ದು ನಿಲ್ಲಬೇಕಿತ್ತು. ಮೂವತ್ತೊಂದು ವರ್ಷ ಲೆಕ್ಕಶಾಸ್ತ್ರ ಕಲಿಸಿದವನು ನಾನು. ಹೊರದೇಶಕ್ಕೆ ಹಣ ಕಳುಹಿಸಲು ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆ ಇದೆ: ವರ್ಷಕ್ಕೆ ಒಬ್ಬನಿಗೆ 2,50,000 ಡಾಲರ್‌ವರೆಗೆ, ಅವನವನ ಪ್ಯಾನ್ ಮೇಲೆ, ಅವನವನ ಬ್ಯಾಂಕಿನಿಂದ. ಹೂಡಿಕೆಗಾದರೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಶೇಕಡಾ 20 ತೆರಿಗೆಯನ್ನು ಬ್ಯಾಂಕೇ ಮೊದಲು ಹಿಡಿಯುತ್ತದೆ. ಹತ್ತು ಮಂದಿಯ ದುಡ್ಡನ್ನು ಹನ್ನೊಂದನೆಯವನ ಖಾತೆಗೆ ಸುರಿಯುವ ದಾರಿ ಇದರಲ್ಲಿಲ್ಲ. ಗೊತ್ತಿತ್ತು. ಗೊತ್ತಿದ್ದೂ ಹೆಂಡತಿಗೆ ‘ಮಿರ್ಚಿ ಕರಿ’ ಎಂದೆ.

ಏಕೆಂದರೆ, ನಿವೃತ್ತಿಯ ನಂತರದ ಎಂಟು ತಿಂಗಳಲ್ಲಿ ನಮ್ಮ ಮನೆಯ ಬಾಗಿಲು ತಟ್ಟಿದವರು ಪತ್ರಿಕೆಯವನು, ಮೀಟರ್ ಓದುವವನು ಮತ್ತು ಇವನು. ಇವನು ಮೂರು ಸಲ ಬಂದ.

ನಾಲ್ಕನೆಯ ಸಲ ನಾನೇ ಅವನನ್ನು ಕರೆದುಕೊಂಡು ಬ್ರಹ್ಮಪುರಕ್ಕೆ ಹೋದೆ, ನಿನ್ನ ಅಕ್ಕನ ಮನೆಗೆ. ಇದನ್ನು ಅವಳು ನಿನಗೆ ಹೇಳಿರಲಿಕ್ಕಿಲ್ಲ. ಚಿತ್ರಗಳನ್ನೆಲ್ಲ ನೋಡಿ ಅವಳು ಕೇಳಿದ್ದು ಒಂದೇ ಪ್ರಶ್ನೆ: ‘ನೀನು ಹಾಕಿದ್ದೀಯೇನು?’ ಹಾಕಿದ್ದೇನೆ ಅಕ್ಕಾ ಎಂದೆ. ನನ್ನ ಚೆಕ್ಕು ಆಗಿನ್ನೂ ಸಹಿ ಕಾಣದೆ ಅಲಮಾರಿನಲ್ಲಿತ್ತು. ಮರುದಿನ ಅವಳು ಐದು ಲಕ್ಷದ ಠೇವಣಿಯನ್ನು ದಂಡ ತೆತ್ತು ಮುರಿಸಿದಳು.

ನನ್ನನ್ನು ಎಚ್ಚರಿಸಿದ್ದು ವಿವೇಕವಲ್ಲ. ಆ ಹದಿನಾಲ್ಕು ರಾತ್ರಿಗೆ ಎಂಥ ಚಪ್ಪಲಿ ಕೊಳ್ಳಬೇಕೆಂದು ಕಡಲತೀರದ ರೆಸಾರ್ಟುಗಳನ್ನು ಹುಡುಕುತ್ತ ಕುಳಿತವನಿಗೆ ಹಾರ್ಲೆಕ್ವಿನ್ ಕಥೆ ಸಿಕ್ಕಿತು. ಬ್ರಿಟನ್ನಿನ ಕಂಪನಿ, ಕೆರಿಬಿಯನ್ ದ್ವೀಪಗಳಲ್ಲಿ ರೆಸಾರ್ಟುಗಳ ಆಸೆ ತೋರಿಸಿತ್ತು. ಪಿಂಚಣಿ ನಿಧಿಯನ್ನು ತಾವೇ ಹೂಡುವ ‘ಸಿಪ್’ ಎಂಬ ಏರ್ಪಾಡು ಅಲ್ಲಿದೆ; ಎಷ್ಟೋ ಮಂದಿ ಅದರೊಳಗಿನ ಇಡುಗಂಟನ್ನೇ ಬಿಚ್ಚಿ, ಇನ್ನೂ ಕಟ್ಟದ ಕೋಣೆಗಳಿಗೆ ಮುಂಗಡ ಕೊಟ್ಟರು. ಮುಂಗಡದ ದೊಡ್ಡ ಪಾಲು ದಲಾಲಿಗೂ ಮಾರಾಟದ ಖರ್ಚಿಗೂ ಹೋಯಿತು. ಬಹುಪಾಲು ಕೋಣೆಗಳು ಏಳಲೇ ಇಲ್ಲ. 8,000ಕ್ಕೂ ಹೆಚ್ಚು ಮಂದಿ, 22.6 ಕೋಟಿ ಪೌಂಡ್. ಮಾಲೀಕ ಡೇವಿಡ್ ಏಮ್ಸ್‌ಗೆ 2022ರಲ್ಲಿ 12 ವರ್ಷ ಜೈಲಾಯಿತು. ಸೇಂಟ್ ವಿನ್ಸೆಂಟ್ ದ್ವೀಪದಲ್ಲಿ ಅವರು ತೆರೆದ ರೆಸಾರ್ಟು 2016ರಲ್ಲಿ ಮುಚ್ಚಿತು. ಈಗ ಅಲ್ಲಿ ಬೇರೆಯವರ ಹೋಟೆಲು. ನಮ್ಮ ಓಣಿಯ ಭಿಶಿ, ಅಂದರೆ ಹೆಂಗಸರ ಚೀಟಿ ವ್ಯವಹಾರ, ಅದೂ ಮುಳುಗುತ್ತದೆ, ಒಪ್ಪುತ್ತೇನೆ. ಆದರೆ ಭಿಶಿ ಎತ್ತಿದವಳ ಮನೆಯ ಬಾಗಿಲು ಯಾವುದೆಂದು ನಮಗೆ ಗೊತ್ತಿರುತ್ತದೆ.

ಇನ್ನೊಂದು ಸಂಗತಿ, ಇದು ನಿನಗೆ ಇಷ್ಟವಾಗುತ್ತದೆ. ಇಂಡೊನೇಷ್ಯಾದಲ್ಲಿ ಭೂಮಿಯ ಪೂರ್ಣ ಒಡೆತನಕ್ಕೆ ‘ಹಕ್ ಮಿಲಿಕ್’ ಎನ್ನುತ್ತಾರೆ. ನಮ್ಮ ಹಕ್ಕು, ನಮ್ಮ ಮಾಲೀಕ! ದರ್ಗಾದ ಬೀದಿಯ ಯಾರನ್ನು ಕೇಳಿದರೂ ಅರ್ಥ ಹೇಳಿಯಾರು. ಅದು ಆ ದೇಶದ ಪ್ರಜೆಗಳಿಗೆ ಮಾತ್ರ. ಹೊರಗಿನವರಿಗೆ ಗೇಣಿಯಂಥ ಅವಧಿಯ ಹಕ್ಕುಗಳಷ್ಟೇ. ಆ ವಿದ್ಯಾರ್ಥಿ ಕೊಟ್ಟಿದ್ದ ಕೈಪಿಡಿಯಲ್ಲಿ ‘ಶಾಶ್ವತ ಒಡೆತನ’ ಎಂದು ದಪ್ಪಕ್ಷರದಲ್ಲಿತ್ತು.

ಮಧ್ಯಾಹ್ನ ಎರಡಕ್ಕೆ, ತಲೆಗೆ ಟವೆಲ್ ಸುತ್ತಿ, ಬ್ರಹ್ಮಪುರಕ್ಕೆ ಓಡಿದೆ. ಅಕ್ಕ ಇನ್ನೂ ಚೆಕ್ಕು ಕೊಟ್ಟಿರಲಿಲ್ಲ. ಬೇಡ ಎಂದೆ. ‘ಮತ್ತೆ ನಿನ್ನದು?’ ಎಂದಳು. ‘ವಾಪಸು ತೆಗೆದುಕೊಂಡೆ’ ಎಂದೆ. ಒಂದು ಸುಳ್ಳು ಮುಚ್ಚಲು ಇನ್ನೊಂದು ಸುಳ್ಳು. ಅವಳು ನನಗೆ ಮಜ್ಜಿಗೆ ಕೊಟ್ಟು, ಇಂಥ ಬುದ್ಧಿವಂತನಿಲ್ಲ ಎಂದು ಓಣಿಗೆಲ್ಲ ಸಾರಿದಳು. ಈಗ ಜನ ವಿಮೆಯ ಕಾಗದ ಹಿಡಿದು ಸಲಹೆಗೆ ಬರುತ್ತಾರೆ. ಬಾಗಿಲು ತಟ್ಟುವವರಿಗೆ ಬರವಿಲ್ಲ.

ನಿದ್ದೆ ಕೆಡಿಸುತ್ತಿರುವುದು ಬೇರೆ. ಅವಳು ಅಷ್ಟರಲ್ಲಿ ಚೆಕ್ಕು ಕೊಟ್ಟುಬಿಟ್ಟಿದ್ದರೆ, ‘ನಾನು ಹಾಕಿರಲಿಲ್ಲ ಅಕ್ಕಾ’ ಎಂದು ಹೇಳುತ್ತಿದ್ದೆನೇ? ಎಷ್ಟು ಸಲ ಕೂಡಿ ಕಳೆದರೂ ಉತ್ತರ ನನ್ನ ಪರವಾಗಿ ಬರುತ್ತಿಲ್ಲ. ಆ ಹುಡುಗನಿಗೂ ನಾನು ಏನೂ ಹೇಳಿಲ್ಲ. ಅವನ ಅಪ್ಪ ಹೊಲ ಮಾರಿದ ದುಡ್ಡೂ ಅದರಲ್ಲಿದೆಯಂತೆ. ಅವನು ಕರೆ ಮಾಡುತ್ತಾನೆ, ನಾನು ಮೊಬೈಲನ್ನು ದಿಂಬಿನ ಕೆಳಗಿಡುತ್ತೇನೆ. ಅವನಿಗೆ ಖತಾವಣಿ ಕಲಿಸಿದವನು ನಾನು.

ಹೋಗಲಿ ಬಿಡು. ಚಪ್ಪಲಿ ಮಾತ್ರ ಕೊಂಡಾಗಿದೆ, ನೀಲಿ, ಹೂವಿನದು. ಅಪ್ಪನ ಕೆರೆಯ ಸುತ್ತ ಸಂಜೆ ಅದನ್ನೇ ಹಾಕಿಕೊಂಡು ತಿರುಗುತ್ತೇನೆ. ಅಲೆ ಇಲ್ಲ, ಸೊಳ್ಳೆ ಇವೆ.

ಅಕ್ಕ ಇದನ್ನು ಓದಿಬಿಟ್ಟಾಳೆಂದು ನೀನು ಹೆದರಬೇಡ. ಅವಳ ಕನ್ನಡಕದ ಒಂದು ಗಾಜು ಒಡೆದಿದೆ. ಸೂಪರ್ ಮಾರ್ಕೆಟ್ಟಿನಲ್ಲಿ ಮಾಡಿಸಿಕೊಂಡು ಬಾ ಎಂದು ನನ್ನ ಕೈಗೇ ಕೊಟ್ಟಿದ್ದಾಳೆ. ಅಂಗಡಿ ಮುಚ್ಚಿತ್ತೆಂದು ಎರಡು ಸಲ ಹೇಳಿದ್ದೇನೆ.

ನಿನ್ನ,
ಹಿಂದಿನ ಬೆಂಚಿನ ಖಜಾಂಚಿ